ಎಲೆಗಳ ಬೆನ್ನು ಬಲ್ಲವನು

ಇಸ್ಪೀಟೆಲೆ ಅಚ್ಚು ಹಾಕುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದ ಆ ಮನುಷ್ಯನಿಗೆ ಜೊತೆಯವರು ಭೂತಗನ್ನಡಿ ಅಂತ ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಬಾಳಿತು. ಊಟದ ಹೊತ್ತಿಗೆ ಯಾರಾದರೂ ಹೊಸಬರು ಬಂದು ಆ ಹೆಸರು ಹಿಡಿದು ವಿಚಾರಿಸಿದರೆ, ಅವನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವರು "ಅಂಥೋರು ಇಲ್ಲಿ ಯಾರೂ ಇಲ್ಲವಲ್ಲಪ್ಪಾ" ಅಂತ ಹೇಳಿ ಕಳಿಸಿಬಿಡುತ್ತಿದ್ದರು. ಅವನೂ ತಲೆ ಎತ್ತುತ್ತಿರಲಿಲ್ಲ.

ಅವನ ಕೆಲಸ ತಪ್ಪು ಹುಡುಕುವುದು. ಒಂದು ದೊಡ್ಡ ಹಾಳೆಯಲ್ಲಿ ಐವತ್ತೆರಡು ಎಲೆ, ಸಾಲಿಗೆ ಹದಿಮೂರರಂತೆ ನಾಲ್ಕು ಸಾಲು. ಮೇಲೆ ಇಸ್ಪೇಟು, ಅದರ ಕೆಳಗೆ ಆಟೀನು, ಆಮೇಲೆ ಡೈಮನ್ನು, ಕೊನೆಗೆ ಕಳಾವರ. ಎಲ್ಲದರ ಬೆನ್ನ ಮೇಲೂ ಕತ್ತು ಎತ್ತಿದ ಒಂದು ಹಂಸ, ಸುತ್ತ ಬಿಳಿ ಅಂಚು. ಕತ್ತರಿಸುವ ಯಂತ್ರದ ಅಲಗು ಒಂದು ಕೂದಲೆಳೆ ವಾರೆಯಾದರೂ ಸಾಕು, ಆ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗುತ್ತಿತ್ತು. ಅದೂ ಎಲ್ಲ ಎಲೆಗೂ ಒಂದೇ ಸಮ ಅಲ್ಲ. ಸಾಲಿನ ಮೊದಲಲ್ಲಿರುವ ಎಕ್ಕಕ್ಕೆ ಒಂದು ಥರ, ಕೊನೆಯಲ್ಲಿರುವ ರಾಜನಿಗೆ ಇನ್ನೊಂದು ಥರ, ನಡುವಿನವಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋಗುತ್ತಿತ್ತು. ಬೇರೆಯವರು ಅಳತೆಪಟ್ಟಿ ಇಟ್ಟರೂ ಸಿಗದ ಆ ವ್ಯತ್ಯಾಸ ಅವನ ಕಣ್ಣಿಗೆ ಬೀದಿಯ ಎರಡು ಮನೆಗಳಷ್ಟು ಬೇರೆಬೇರೆಯಾಗಿ ಕಾಣುತ್ತಿತ್ತು. ಬೆನ್ನು ನೋಡಿ "ಇದು ಆಟೀನು ಒಂಬತ್ತು" ಅಂದರೆ ಅದು ಆಟೀನು ಒಂಬತ್ತೇ. ಒಮ್ಮೆ ಮೇಸ್ತ್ರಿ ಪರೀಕ್ಷೆ ಮಾಡುತ್ತೇನೆ ಅಂತ ನಲವತ್ತು ಎಲೆ ಬೋರಲು ಹಾಕಿದ. ನಲವತ್ತನ್ನೂ ಇವನು ಸರಿಯಾಗಿ ಹೇಳಿದ. ಮೇಸ್ತ್ರಿ ಬೆವರು ಒರೆಸಿಕೊಂಡು, "ನಿನ್ನ ಜೊತೆ ಆಡೋನಿಗಿಂತ ದಡ್ಡ ಇನ್ನೊಬ್ಬ ಇಲ್ಲ ಬಿಡಪ್ಪಾ" ಅಂದ.

ಕೆಟ್ಟ ಕಟ್ಟುಗಳನ್ನು ಚೂರು ಮಾಡುವ ಯಂತ್ರಕ್ಕೆ ಹಾಕುತ್ತಿದ್ದರು. ವರ್ಷದ ಕೊನೆಯಲ್ಲಿ ಮಾತ್ರ ತಪಾಸಣೆಯವರು ತಲೆಗೊಂದು ಕೆಟ್ಟ ಕಟ್ಟನ್ನು ಮನೆಗೆ ಒಯ್ಯಬಹುದಿತ್ತು. ಆಟಕ್ಕೇನೂ ಅಡ್ಡಿಯಿಲ್ಲ, ಮಾರಾಟಕ್ಕೆ ಮಾತ್ರ ಬಾರದು. ಹಾಗಾಗಿ ಭೂತಗನ್ನಡಿಯ ಮನೆಯಲ್ಲಿದ್ದ ಎಲೆಗಳೆಲ್ಲ ಅಂಚು ಸರಿಯಿಲ್ಲದ ಎಲೆಗಳೇ.

ಅವನ ಹೆಂಡತಿ ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂರುತ್ತಿದ್ದಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಯಾವ ವಾರ್ಡಿಗೆ ಯಾವ ನಂಬರು, ಯಾವ ಡಾಕ್ಟರ ಮನೆಗೆ ಯಾವ ನಂಬರು ಅಂತ ಪುಸ್ತಕ ತೆರೆಯದೆ ಮುನ್ನೂರು ನಂಬರನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು. ತಲೆಯೇ ಅವಳ ಆಸ್ತಿ. ಅದಕ್ಕೇ ತಾಯಿಯ ತಲೆ ಕೈಕೊಟ್ಟಾಗ ಅವಳು ಅಷ್ಟು ಹೆದರಿದ್ದು. ಮುದುಕಿ ಮೊದಮೊದಲು ಒಲೆಯ ಮೇಲೆ ಬರಿಯ ಪಾತ್ರೆ ಇಟ್ಟು ಮರೆಯುತ್ತಿದ್ದಳು. ಆಮೇಲೆ ಸೊಸೆಯ ಹೆಸರು ಹೋಯಿತು, ಮಗನ ಹೆಸರು ಹೋಯಿತು. ಕೊನೆಯ ವರ್ಷ, ನೋಡಲು ಹೋದ ಮಗಳ ಕೈ ಹಿಡಿದು, "ಯಾರಮ್ಮಾ ನೀನು, ಬಾಡಿಗೆಗೆ ಮನೆ ನೋಡೋಕೆ ಬಂದ್ಯಾ? ನಮ್ಮನೇಲಿ ನೀರಿಗೆ ಬಹಳ ತೊಂದರೆ ಕಣಮ್ಮಾ" ಅಂದಳು. ತಾಯಿ ತೀರಿಕೊಂಡ ಮೇಲೆ ಹೆಂಡತಿ ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಕೂತವಳು ಒಂದು ತಿಂಗಳಾದರೂ ನೆಟ್ಟಗೆ ಮಾತಾಡಲಿಲ್ಲ.

ಆಗ ಅವನು ಕಪಾಟಿನಿಂದ ಒಂದು ಕಟ್ಟು ಎಲೆ ತೆಗೆದು, "ಬಾರೇ, ಒಂದು ರಮ್ಮಿ ಹಾಕೋಣ" ಅಂದ. ಬೇಕೆಂದು ಏನನ್ನೂ ಯೋಚಿಸಿರಲಿಲ್ಲ. ಅವಳ ಕೈಯಲ್ಲಿದ್ದ ಎಲೆಗಳ ಬೆನ್ನು ತಾನಾಗಿ ಕಣ್ಣಿಗೆ ಬಿತ್ತು. ಆಟೀನು ನಾಲ್ಕು, ಐದು ಹಿಡಿದುಕೊಂಡು ಆರಕ್ಕೆ ಕಾಯುತ್ತಿದ್ದಾಳೆ. ಆರು ಅವನ ಹತ್ತಿರ ಇದೆ. ಎಸೆದ. ಅವಳು ಗಬಕ್ಕನೆ ಎತ್ತಿಕೊಂಡು ಎಲೆ ಬಿಚ್ಚಿ ತೋರಿಸಿ, "ಏನ್ರೀ, ಇಷ್ಟೂ ಗೊತ್ತಾಗಲ್ವಾ ನಿಮಗೆ?" ಅಂತ ನಕ್ಕಳು. ಆ ನಗುವನ್ನು ನೋಡಿ ಅವನಿಗೆ ಹೊಟ್ಟೆ ತುಂಬಿದ ಹಾಗಾಯಿತು. ಮಾರನೆಯ ದಿನವೂ ಎಸೆದ. ಅದರ ಮಾರನೆಯ ದಿನವೂ.

ಹಾಗೆ ಶುರುವಾದದ್ದು ಇಪ್ಪತ್ತೊಂಬತ್ತು ವರ್ಷ ನಡೆಯಿತು. ದಿನಾ ಮಧ್ಯಾಹ್ನ, ಕೆಲಸವಿದ್ದ ಕಾಲದಲ್ಲಿ ಸಂಜೆ, ಅಡುಗೆಮನೆಯ ಮೇಜಿನ ಮೇಲೆ. ಹತ್ತು ಆಟದಲ್ಲಿ ಏಳು ಅವಳಿಗೆ, ಮೂರು ತನಗೆ. ಹತ್ತೂ ಕೊಟ್ಟರೆ ಅನುಮಾನ ಬರುತ್ತದೆ ಅಂತ ಮೂರನ್ನು ಇಟ್ಟುಕೊಳ್ಳುತ್ತಿದ್ದ. ಅವಳೇನು ಸುಮ್ಮನಿರುವವಳೇ? ಮಗಳ ಮುಂದೆ, ಅಕ್ಕಪಕ್ಕದವರ ಮುಂದೆ, ಹಾಲಿನವಳ ಮುಂದೆ, "ಇಸ್ಪೀಟು ಕಾರ್ಖಾನೇಲಿ ಅರ್ಧ ಆಯಸ್ಸು ಕಳೆದ್ರು, ಆಡೋಕೆ ಮಾತ್ರ ಬರಲಿಲ್ಲ ಪಾಪ" ಅಂತ ಹಂಗಿಸುತ್ತಿದ್ದಳು. ಒಂದು ದಿನ, ಸಾಲಾಗಿ ನಾಲ್ಕು ಆಟ ಗೆದ್ದ ಗೆಲುವಿನಲ್ಲಿ ಹೇಳಿದಳು:

"ರೀ, ಒಂದು ಮಾತು. ನಾನು ನಿಮ್ಮನ್ನ ಸೋಲಿಸ್ತಾ ಇರೋವರೆಗೂ ನನ್ನ ತಲೆ ನೆಟ್ಟಗಿದೆ ಅಂತ ತಿಳ್ಕೊಳ್ಳಿ. ಸೋಲೋಕೆ ಶುರು ಮಾಡಿದ ದಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ನಮ್ಮಮ್ಮನ ಕಾಯಿಲೇನ ಮನೆಯವರು ಮುಚ್ಚಿಟ್ಟ ಹಾಗೆ ನನ್ನದನ್ನ ಮುಚ್ಚಿಡಬೇಡಿ."

"ಆಯ್ತು" ಅಂದಿದ್ದ. ಬೇರೆ ಏನು ಅನ್ನುವುದು? ಅವತ್ತೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಎಪ್ಪತ್ತೊಂದನೆಯ ವರ್ಷದಲ್ಲಿ ಅವನ ಕಣ್ಣು ಹೋಯಿತು. ಪೂರಾ ಹೋಗಲಿಲ್ಲ, ನೋಟದ ನಡುಭಾಗ ಹೋಯಿತು. ಎದುರು ಕೂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಬಾಗಿಲಿನ ಚೌಕಟ್ಟು ಕಾಣುತ್ತದೆ, ಒಳಗೆ ಬಂದವರು ಕಾಣುವುದಿಲ್ಲ. ಕಣ್ಣಿನ ಹಿಂದಿನ ಪರದೆ ಸವೆದಿದೆ, ಕನ್ನಡಕ ಆಪರೇಷನ್ನು ಯಾವುದೂ ಉಪಯೋಗವಿಲ್ಲ ಅಂದರು. ಎಲೆಯ ಬೆನ್ನು ಒತ್ತಟ್ಟಿಗಿರಲಿ, ತನ್ನ ಕೈಯಲ್ಲಿರುವ ಎಲೆಯ ಮುಖವೇ ಕಾಣದಾಯಿತು. ಆಟ ನಿಂತಿತು.

ಬಸ್ ಡಿಪೋದಲ್ಲಿ ಡ್ರೈವರುಗಳ ಪಾಳಿ ಬರೆಯುವ ಕೆಲಸದಲ್ಲಿದ್ದ ಮಗಳು ಎರಡು ಬೀದಿ ಆಚೆ ಇದ್ದಳು. ತಾಯಿ ಮಧ್ಯಾಹ್ನವೆಲ್ಲ ಕಿಟಕಿ ಕಾಯುವುದನ್ನು ನೋಡಲಾರದೆ, ಅಗಲ ಪರದೆಯ ಒಂದು ಟ್ಯಾಬ್ ತಂದು ಮೇಜಿನ ಮೇಲಿಟ್ಟಳು.

"ಅಮ್ಮಾ, ಇದರ ಜೊತೆ ಆಡು. ದುಡ್ಡು ಗಿಡ್ಡು ಏನಿಲ್ಲ, ಬರೀ ಪಾಯಿಂಟು. ಅಪ್ಪನ ಥರ ಒಂದೊಂದು ಎಲೆಗೆ ಅರ್ಧ ಗಂಟೆ ಯೋಚನೆ ಮಾಡಲ್ಲ ಇದು."

ಎದುರು ಆಡುವವನ ಜಾಗದಲ್ಲಿ ದಪ್ಪ ಮೀಸೆಯ ಒಬ್ಬನ ಚಿತ್ರವಿತ್ತು. ಹೆಂಡತಿ ಅವನನ್ನು ಮೀಸೆಯವನು ಅಂತಲೇ ಕರೆದಳು. ಮೊದಲ ದಿನ ಐದು ಆಟ ಆಡಿದಳು, ಐದೂ ಸೋತಳು. "ಕೈ ಪಳಗಿಲ್ಲ" ಅಂದಳು. ಎರಡನೆಯ ದಿನ ಏಳರಲ್ಲಿ ಒಂದು ಬಂತು. ವಾರವಾಯಿತು, ಎರಡು ವಾರವಾಯಿತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಭೂತಗನ್ನಡಿಗೆ ಪರದೆ ಬೆಳಕಿನ ಮಬ್ಬಾಗಿ ಮಾತ್ರ ಕಾಣುತ್ತಿತ್ತು. ಆದರೆ ಸೋತಾಗ ಬರುವ ಟೊಂಯ್ ಅನ್ನುವ ಸದ್ದು ಚೆನ್ನಾಗಿ ಕೇಳುತ್ತಿತ್ತು. ದಿನಕ್ಕೆ ಎಷ್ಟು ಟೊಂಯ್ ಅಂತ ಅವನು ಬೇಡವೆಂದರೂ ಮನಸ್ಸು ಎಣಿಸುತ್ತಿತ್ತು.

ಅವಳು ಬೇರೆಯದನ್ನೂ ಎಣಿಸಲು ಶುರು ಮಾಡಿದ್ದಳು. ಒಂದು ದಿನ ನಲ್ಲಿ ನಿಲ್ಲಿಸುವುದನ್ನು ಮರೆತಳು. ಒಂದು ದಿನ ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಕನ್ನಡಕ ಬ್ರೆಡ್ಡಿನ ಡಬ್ಬಿಯಲ್ಲಿ ಸಿಕ್ಕಿತು. ಯಾವ ಮನೆಯಲ್ಲಿ ಇದೆಲ್ಲ ಆಗುವುದಿಲ್ಲ? ಆದರೆ ಅವಳು ನಲ್ಲಿ ನಿಲ್ಲಿಸಿ ಬಂದು, ಒದ್ದೆ ಕೈ ಒರೆಸಿಕೊಳ್ಳದೆ ಅಡುಗೆಮನೆಯ ನಡುವೆ ನಿಂತೇ ಇದ್ದಳು. ಹನಿ ನೆಲಕ್ಕೆ ಬೀಳುವ ಸದ್ದು ಅವನಿಗೆ ಕೇಳಿತು.

ಕೆಳಗಿನ ಅಂಗಡಿಯ ಕ್ಷೌರದವನು ಹದಿನೈದು ದಿನಕ್ಕೊಮ್ಮೆ ಮೇಲೆ ಬಂದು ಭೂತಗನ್ನಡಿಯ ತಲೆಗೂದಲು ಕತ್ತರಿಸಿಕೊಟ್ಟು ಹೋಗುತ್ತಿದ್ದ. ಗಿರಾಕಿ ಇಲ್ಲದಾಗ ಅವನೂ ಮೊಬೈಲಿನಲ್ಲಿ ಅದೇ ಆಟ ಆಡುವವನು.

"ಅಮ್ಮಾ, ಅದು ಪಕ್ಕಾ ಮೋಸ. ನನ್ನ ಕೇಳಿ. ಮೊದಲ ನಾಲ್ಕು ದಿನ ಒಳ್ಳೊಳ್ಳೆ ಎಲೆ ಕೊಟ್ಟು ರುಚಿ ಹತ್ತಿಸುತ್ತೆ, ಆಮೇಲೆ ಬಡಿಯೋಕೆ ಶುರು ಮಾಡುತ್ತೆ."

"ನನಗೆ ಮೊದಲ ದಿನವೂ ಕೊಡಲಿಲ್ಲವಲ್ಲಪ್ಪಾ!"

"ನಿಮ್ಮ ಮುಖ ನೋಡಿ ಹೆದರಿರಬೇಕು. ಈ ಅಮ್ಮನ್ನ ಮೊದಲೇ ಬಗ್ಗಿಸಿಬಿಡೋಣ ಅಂತ."

ಅವಳು ನಗಲಿಲ್ಲ. ಗಂಡನ ಕಡೆ ತಿರುಗಿ, "ರೀ, ಎಲೆ ವಿಷಯ ನಿಮಗಿಂತ ಬಲ್ಲೋರು ಯಾರಿದ್ದಾರೆ? ಇದು ಸರಿಯಾಗಿ ಹಂಚ್ತಾ ಇದೆಯೋ ಇಲ್ಲವೋ ನೋಡಿ ಹೇಳಿ. ಇದು ಮೋಸ ಆದ್ರೆ ಸರಿ, ನಾನು ಉಳ್ಕೊಂಡೆ. ಮೋಸ ಅಲ್ಲ ಅಂದ್ರೆ..." ಅಂದಳು.

ಕ್ಷೌರದವನ ಕತ್ತರಿ ಒಂದು ಗಳಿಗೆ ನಿಂತಿತು.

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ರಾಶಿಯ ಮೇಲೆ ಅನುಮಾನ ಬಂದರೆ ನೂರು ಎತ್ತಿ ನೋಡುವುದು. ಭೂತಗನ್ನಡಿ ಅದನ್ನೇ ಹಿಡಿದ. ನಾಲ್ಕು ಎಕ್ಕ, ಐವತ್ತೆರಡು ಎಲೆ, ಕೈಗೆ ಬರುವುದು ಹದಿಮೂರು, ಅಂದರೆ ಕಾಲು ಭಾಗ. ಹಾಗಾಗಿ ಕೈಗೊಂದು ಎಕ್ಕ ಬರಬೇಕು, ನೂರು ಕೈಗೆ ನೂರರ ಆಸುಪಾಸು. ಎಲೆ ಹಂಚಿಕೆಯಾದ ಕೂಡಲೇ ಅವಳು ತನಗೆಷ್ಟು ಎಕ್ಕ ಅಂತ ಹೇಳುವುದು, ಆಟ ಮುಗಿದು ಮೀಸೆಯವನ ಎಲೆ ಬಿಚ್ಚಿಕೊಂಡಾಗ ಅವನು ಏನೇನು ಹಿಡಿದು ಶುರು ಮಾಡಿದ ಅಂತ ಆಟವೇ ತೋರಿಸುತ್ತಿದ್ದುದರಿಂದ ಅದನ್ನೂ ಹೇಳುವುದು. ಭೂತಗನ್ನಡಿ ಹಳೆಯ ಕ್ಯಾಲೆಂಡರಿನ ಹಿಂದೆ ದಪ್ಪ ಸೀಸದಕಡ್ಡಿಯಲ್ಲಿ ಗೀಟು ಎಳೆಯುವುದು. ಗೀಟು ಅವನಿಗೆ ಕಾಣುತ್ತಿರಲಿಲ್ಲ, ಬೆರಳಲ್ಲಿ ಮುಟ್ಟಿ ಮುಟ್ಟಿ ಮುಂದಕ್ಕೆ ಹೋಗುತ್ತಿದ್ದ. ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ಅವಳು ಗೆಲುವಾಗಿದ್ದಳು. ಸೋತರೂ "ಬರ್ಕೊಳ್ಳಿ, ಬರ್ಕೊಳ್ಳಿ, ಇವನ ಬಣ್ಣ ಬಯಲಾಗಲಿ" ಅನ್ನುತ್ತಿದ್ದಳು.

ಭಾನುವಾರ ಮಗಳು ಬಂದು ಗೀಟು ಕೂಡಿದಳು. ಅಮ್ಮನ ಕಡೆ ನೂರಾಮೂರು. ಮೀಸೆಯವನ ಕಡೆ ತೊಂಬತ್ತೆಂಟು.

"ಏನಮ್ಮಾ, ನಿನಗೇ ಐದು ಜಾಸ್ತಿ ಕೊಟ್ಟಿದ್ದಾನೆ! ಮೋಸ ಹೋದೋನು ಅವನು!" ಅಂತ ಮಗಳು ನಕ್ಕಳು. ನಗು ಕೋಣೆಯಲ್ಲಿ ಒಂಟಿಯಾಯಿತು.

"ಹಾಗಾದ್ರೆ ಹಂಚೋದು ಸರಿಯಾಗೇ ಇದೆ" ಅಂದಳು ಹೆಂಡತಿ. ಟ್ಯಾಬಿನ ಹೊದಿಕೆ ಮುಚ್ಚಿದಳು. "ನಮ್ಮಮ್ಮನಿಗೆ ಶುರುವಾದಾಗ ಈಗಿನ ನನಗಿಂತ ಎರಡೇ ವರ್ಷ ದೊಡ್ಡೋಳು."

ಸಂಜೆ ಕ್ಷೌರದವನು ಸುದ್ದಿ ಕೇಳಲು ಮೆಟ್ಟಿಲು ಹತ್ತಿ ಬಂದ. ಲೆಕ್ಕ ಕೇಳಿ ಅವನೇನೂ ಸೋಲೊಪ್ಪಲಿಲ್ಲ. ಭೂತಗನ್ನಡಿಯ ಕಿವಿಯ ಹತ್ತಿರ ಬಗ್ಗಿ, "ಯಜಮಾನ್ರೇ, ಹಂಚೋದು ನ್ಯಾಯವಾಗೇ ಹಂಚುತ್ತೆ ಅನ್ನಿ. ಆದ್ರೆ ಅಮ್ಮನ ಕೈಲಿರೋ ಎಲೇನ ನೋಡ್ಕೊಂಡು ಆಡ್ತಿದ್ರೆ? ಅದನ್ನ ಹೆಂಗೆ ಹಿಡೀತೀರಿ?" ಅಂದ.

ಆ ಮಾತು ಭೂತಗನ್ನಡಿಯ ಕಪಾಳಕ್ಕೆ ಬಿದ್ದ ಹಾಗಾಯಿತು. ಹಿಡಿಯಲು ಆಗುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಎದುರಿನವರ ಎಲೆ ಬಲ್ಲವನು ಬೇಕಾದ್ದನ್ನು ಎಸೆದರೂ, ಬೇಕಾದ್ದನ್ನು ಬಿಗಿಹಿಡಿದರೂ, ನೋಡುವವರಿಗೆ ಅದು ಅದೃಷ್ಟದ ಹಾಗೇ ಕಾಣುತ್ತದೆ. ಇಪ್ಪತ್ತೊಂಬತ್ತು ವರ್ಷ ಮೂಗಿನ ಎದುರೇ ಕೂತವಳಿಗೇ ಕಾಣಲಿಲ್ಲ. ಎಕ್ಕ ಎಣಿಸಿದರೆ ಏನು ಬಂತು?

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಮೀಸೆಯವನು ನೆಟ್ಟಗೆ ಆಡುವವನೇ ಅಂತ ಇಟ್ಟುಕೊಂಡರೂ, ಅವಳು ಸೋಲುತ್ತಿರುವುದು ತಲೆ ಸವೆದದ್ದಕ್ಕೋ, ಇಲ್ಲ ಅವಳ ಆಟ ಮೊದಲಿನಿಂದಲೂ ಅಷ್ಟೇಯೋ? ಅವಳು ನಿಜವಾಗಿ ಎಷ್ಟು ಚೆನ್ನಾಗಿ ಆಡಬಲ್ಲಳು ಅನ್ನುವುದನ್ನು ಅವನು ಒಂದು ದಿನವಾದರೂ ನೋಡಿರಲಿಲ್ಲ. ತನ್ನ ಆಟ ತಾನು ಆಡಲು ಅವಳನ್ನು ಬಿಟ್ಟಿರಲಿಲ್ಲ. ಸಾವಿರಾರು ಆಟ ಎದುರು ಕೂತು ಆಡಿದವಳ ಆಟ ಅವನಿಗೆ ಗೊತ್ತಿರಲಿಲ್ಲ.

ಮೂರು ದಿನ ಅವಳು ಟ್ಯಾಬ್ ಮುಟ್ಟಲಿಲ್ಲ. ಕಪಾಟಿನ ಬಾಗಿಲ ಮೇಲೆ ಚೀಟಿ ಅಂಟಿಸತೊಡಗಿದಳು, ಇಲ್ಲಿ ಸಕ್ಕರೆ, ಇಲ್ಲಿ ಟೀಪುಡಿ, ಇಲ್ಲಿ ನಿಮ್ಮ ಮಾತ್ರೆ ಅಂತ. ಅಂಟಿಸುವಾಗ ಕಾಗದ ಸರಸರ ಅನ್ನುವುದು ಕೇಳಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅವಳನ್ನು ಮೇಜಿನ ಎದುರು ಕೂರಿಸಿದ.

"ಮೋಸ ಮಾಡಿದ್ದು ಮೀಸೆಯವನಲ್ಲ ಕಣೇ. ನಾನು."

"ಏನು ಮಾಡಿದ್ರಿ?"

ಹೇಳಿದ. ಹಾಳೆ, ಅಲಗು, ಅಂಚು, ಆಟೀನು ಆರು, ಹತ್ತಕ್ಕೆ ಏಳು, ಎಲ್ಲವನ್ನೂ ಹೇಳಿದ. ಅವಳ ಮುಖ ಇರಬೇಕಾದ ಕಡೆ ಬೂದುಬಣ್ಣದ ಮಚ್ಚೆ. ಸಿಟ್ಟೋ, ಅಳುವೋ, ಏನೂ ಗೊತ್ತಾಗುವ ಹಾಗಿಲ್ಲ.

ಅವಳು, "ರೀ, ಕಣ್ಣು ಹೋದ ಮೇಲೆ ಕಥೆ ಕಟ್ಟೋದು ಕಲಿತ್ರಾ?" ಅಂದಳು.

"ಕಥೆ ಅಲ್ವೇ. ನಿನ್ನಾಣೆ."

"ನನ್ನ ಮೇಲೆ ಯಾಕೆ ಆಣೆ ಹಾಕ್ತೀರಿ, ಮೊದಲೇ ನನ್ನ ಸ್ಥಿತಿ ಹಿಂಗಿದೆ" ಅನ್ನುತ್ತಾ ಎದ್ದು, ಕಪಾಟಿನಿಂದ ಹಳೆಯ ಕಟ್ಟು ತಂದಳು. ಒಂದೆಲೆ ಬೋರಲು ಹಾಕಿದಳು. "ಹೇಳಿ ನೋಡೋಣ."

ಅವನು ಎಲೆಯನ್ನು ಎತ್ತಿ, ಕತ್ತು ವಾರೆ ಮಾಡಿ, ಕಣ್ಣಂಚಿನಲ್ಲಿ ಉಳಿದಿದ್ದ ಚೂರು ನೋಟಕ್ಕೆ ಹಿಡಿದ. ಹಂಸ ಇದೆ ಅನ್ನುವುದು ಕೂಡ ನೆನಪಿನಿಂದ ಗೊತ್ತು, ಕಣ್ಣಿನಿಂದಲ್ಲ. ಹೆಬ್ಬೆರಳಿಂದ ಅಂಚು ಸವರಿದ. ಬೆರಳಿಗೆ ಎಲ್ಲ ಎಲೆಯೂ ಒಂದೇ.

"ಡೈಮನ್ನು ಏಳು."

"ಕಳಾವರ ರಾಣಿ. ಇದು?"

"ಇಸ್ಪೇಟು ಮೂರು."

"ಆಟೀನು ಹತ್ತು. ಇದು?"

"ಕಳಾವರ ಗುಲಾಮ" ಅಂದ, ಬಾಯಿಗೆ ಬಂದದ್ದನ್ನು.

ಅವಳು ಎಲೆ ಮಗುಚಿದಳು. "ಗುಲಾಮನೇ" ಅಂದಳು. ಅವನ ಎದೆ ಹಾರಿತು. "ಕುರುಡು ಏಟು ಒಂದಾದರೂ ತಾಗುತ್ತೆ ಬಿಡಿ" ಅಂತ ಅವಳೇ ಎಲೆಗಳನ್ನು ಒಟ್ಟು ಮಾಡಿ ಕಟ್ಟಿಗೆ ರಬ್ಬರು ಹಾಕಿದಳು. ಆಮೇಲೆ ಅವನ ಕೈಯ ಮೇಲೆ ಕೈಯಿಟ್ಟು, ಮದುವೆಯಾದ ಹೊಸದರಲ್ಲೂ ಆಡದಷ್ಟು ಮೆತ್ತಗೆ, "ನನಗೆ ಸಮಾಧಾನ ಆಗಲಿ ಅಂತ ಇಷ್ಟು ದೊಡ್ಡ ಸುಳ್ಳು ಹೊತ್ಕೊಂಡು ಬಂದ್ರಲ್ಲ. ಸಾಕು ಬಿಡಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ ಅಂತ ನನಗೆ ಗೊತ್ತಿಲ್ವಾ? ಸೋಮವಾರ ಡಾಕ್ಟರ ಹತ್ರ ಹೋಗೋಣ" ಅಂದಳು.

ಸೋಮವಾರ ಮಗಳು ಪಾಳಿ ಬದಲಾಯಿಸಿಕೊಂಡು ಬಂದು ಇಬ್ಬರನ್ನೂ ಕರೆದುಕೊಂಡು ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು ಅಂತ ದನಿಯಿಂದ ಗೊತ್ತಾಯಿತು. ಒಳ್ಳೆಯ ದನಿ, ಅವಸರವಿಲ್ಲ.

"ಯಾವಾಗಿಂದ ಅಮ್ಮಾ ನಿಮಗೆ ಈ ಅನುಮಾನ?"

"ಇಸ್ಪೀಟಲ್ಲಿ ಸೋಲೋಕೆ ಶುರುವಾದಾಗಿಂದ. ಇಪ್ಪತ್ತೊಂಬತ್ತು ವರ್ಷ ಇವರನ್ನ ಸೋಲಿಸಿದ್ದೀನಿ, ಹತ್ತಕ್ಕೆ ಏಳು ನಂದೇ. ಈಗ ಹತ್ತಕ್ಕೆ ಎರಡು ಬಂದ್ರೆ ಹೆಚ್ಚು."

ಪೆನ್ನು ಕಾಗದದ ಮೇಲೆ ಓಡುವ ಸದ್ದು. ಭೂತಗನ್ನಡಿ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದ.

"ಡಾಕ್ಟರಮ್ಮಾ, ಅದನ್ನ ಬರೀಬೇಡಿ. ಅದು ನಿಜ ಅಲ್ಲ. ಅವಳನ್ನ ಗೆಲ್ಲಿಸ್ತಾ ಇದ್ದೋನು ನಾನು."

"ಇವರು ಹೀಗೇ ಅಮ್ಮಾ" ಅಂದಳು ಹೆಂಡತಿ, "ನಾನು ಹೆದರ್ಕೋಬಾರದು ಅಂತ. ನಾಲ್ಕು ದಿನದಿಂದ ಇದೇ ರಾಗ."

"ಅಪ್ಪಾ, ಈಗ ಬೇಡ" ಅಂತ ಮಗಳು ತೋಳು ಅದುಮಿದಳು. ಅವಳೂ ನಂಬಿರಲಿಲ್ಲ.

"ಪರವಾಗಿಲ್ಲ ಯಜಮಾನ್ರೇ, ಅರ್ಥ ಆಗುತ್ತೆ. ಮನೆಯವರಿಗೆ ಒಪ್ಕೊಳ್ಳೋದು ಕಷ್ಟ" ಅಂದಳು ಡಾಕ್ಟರಮ್ಮ. ಬರೆದದ್ದನ್ನು ಹೊಡೆದು ಹಾಕುವ ಸದ್ದಿಗೆ ಅವನು ಕಿವಿಗೊಟ್ಟ. ಬಂದದ್ದು ಹಾಳೆ ತಿರುವಿದ ಸದ್ದು ಮಾತ್ರ. "ನೀವಿಬ್ಬರೂ ಸ್ವಲ್ಪ ಹೊರಗೆ ಕೂತಿರಿ. ಅಮ್ಮನಿಗೆ ಕೆಲವು ಪ್ರಶ್ನೆ ಕೇಳಬೇಕು. ಯಾರೂ ಹೇಳಿಕೊಡಬಾರದು."

ಹೊರಗಿನ ಬೆಂಚಿನ ಮೇಲೆ ಮಗಳು ಅವನನ್ನು ಕೂರಿಸಿ ಫೋನಿನಲ್ಲಿ ಡಿಪೋದವರೊಂದಿಗೆ ಮಾತಾಡಲು ಆಚೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಇವತ್ತು ಯಾವ ವಾರ, ಯಾವ ತಿಂಗಳು ಅಂತ ಕೇಳಿದರು, ಅವಳು ಪಟಪಟ ಹೇಳಿದಳು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು.

"ತೊಂಬತ್ತಮೂರು" ಅಂದಳು. "ಎಂಬತ್ತಾರು." ಸ್ವಲ್ಪ ತಡೆದು, "ಎಪ್ಪತ್ತೊಂಬತ್ತು."

ಆಮೇಲೆ ಸದ್ದಿಲ್ಲ.

ಎಪ್ಪತ್ತೆರಡು, ಎಪ್ಪತ್ತೆರಡು ಕಣೇ, ಅಂತ ಅವನು ತುಟಿ ಆಡಿಸಿದ. ದನಿಯೂ ಸ್ವಲ್ಪ ಹೊರಟಿರಬೇಕು, ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು "ಏನಾದ್ರೂ ಬೇಕಿತ್ತಾ?" ಅಂದಳು. ಅವನು ತಲೆಯಾಡಿಸಿ ಬಾಗಿಲ ಕಡೆ ಕಿವಿ ಚಾಚಿದ. ಒಳಗೆ ಹೆಂಡತಿ ಏನೋ ಒಂದು ಸಂಖ್ಯೆ ಹೇಳಿದಳು. ಅದೇ ಹೊತ್ತಿಗೆ ಔಷಧಿಯ ಗಾಡಿಯೊಂದು ಗಡಗಡ ಉರುಳುತ್ತಾ ಎದುರಿಂದ ಹಾದುಹೋಯಿತು. ಅವಳು ಹೇಳಿದ್ದು ಎಷ್ಟು ಅನ್ನುವುದು ಅವನಿಗೆ ಕೇಳಲಿಲ್ಲ.